ಕಂಟೇನರ್ ಎಂಬ ಪೆಟ್ಟಿಗೆಯೂ ಜಾಲತಾಣದ ಅಭ್ಯಾಸವೂ



ಮನೆಯ ಒಲೆಯ ಮೇಲೆ ಹದವಾಗಿ ಬಂದ ಪಾಯಸವು ನೆಂಟರ ಮನೆಯ ಒಲೆಯಲ್ಲಿ ತಳ ಹಿಡಿಯುವುದುಂಟು. ಅಕ್ಕಿ ಅದೇ, ಬೆಲ್ಲ ಅದೇ, ಮಾಡುವ ಕೈಯೂ ಅದೇ. ಬೇರೆಯಾದುದು ಒಲೆ ಮತ್ತು ಪಾತ್ರೆ ಮಾತ್ರ. ಗಣಕಯಂತ್ರದ ಕಾರ್ಯದಲ್ಲಿಯೂ ಹೀಗೆಯೇ ಆಗುವುದೆಂಬ ಸಂಗತಿಯನ್ನು ನಾವು ಎರಡು ವರ್ಷಗಳ ಹಿಂದೆ ಕಷ್ಟಪಟ್ಟು ಕಲಿತೆವು.

ನಮ್ಮ ಶಾಲೆಯ ನಿವೃತ್ತ ಅಧ್ಯಾಪಕರೊಬ್ಬರು ಈ ಶಾಲೆಯ ಹಳೆಯ ದಿನಗಳ ನೆನಪುಗಳನ್ನು ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದನ್ನು ಜಾಲತಾಣದಲ್ಲಿ ಪ್ರಕಟಿಸುವುದೆಂದು ಮೇಲಿನ ತರಗತಿಯ ಮೂವರು ಬಾಲಕರು ಸಂಕಲ್ಪಿಸಿದರು. ಒಬ್ಬನ ಮನೆಯ ಗಣಕಯಂತ್ರದಲ್ಲಿ ಜಾಲತಾಣವನ್ನು ರಚಿಸಿ, ರಜೆಯಲ್ಲಿ ಕುಳಿತು ಇಡೀ ಪುಸ್ತಕವನ್ನು ಬೆರಳಚ್ಚು ಮಾಡಿದರು. ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಬಳಿಕ ಬಾಡಿಗೆಗೆ ಪಡೆದ ಸರ್ವರಿಗೆ ಅದನ್ನು ಸಾಗಿಸಿ, ಮುಖಪುಟವನ್ನು ನೋಡಿ ಸಂತೋಷಪಟ್ಟೆವು. ಕೆಲಸ ಮುಗಿಯಿತೆಂದು ತಿಳಿದು ಆ ಹುಡುಗನು ತನ್ನ ಯಂತ್ರವನ್ನು ಅಳಿಸಿ, ಹೊಸದಾಗಿ ತಂತ್ರಾಂಶಗಳನ್ನು ಹಾಕಿಕೊಂಡನು. ಮರುದಿನ ಒಳಪುಟಗಳನ್ನು ತೆರೆದಾಗ ಕನ್ನಡದ ಒಂದಕ್ಷರವೂ ಇರಲಿಲ್ಲ; ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ನಿಂತಿದ್ದವು. ಮುಖಪುಟದ ಶೀರ್ಷಿಕೆಯು ಚಿತ್ರರೂಪದಲ್ಲಿದ್ದುದರಿಂದ ಹಿಂದಿನ ದಿನ ದೋಷವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಪುಣ್ಯವಶಾತ್ ನೋಟುಪುಸ್ತಕವು ಆ ಹಿರಿಯರ ಮನೆಯಲ್ಲಿ ಸುರಕ್ಷಿತವಾಗಿತ್ತು. ಅದನ್ನು ಪುನಃ ಬೇಡಿ ತಂದು, ಹತ್ತು ದಿನ ಕುಳಿತು ಎರಡನೆಯ ಬಾರಿ ಬೆರಳಚ್ಚು ಮಾಡಬೇಕಾಯಿತು. ಆ ಪುಸ್ತಕವೂ ಇಲ್ಲದಿದ್ದರೆ? ಈ ಪ್ರಶ್ನೆಯು ನನ್ನನ್ನು ಬಹಳ ದಿನ ಬಾಧಿಸಿತು. ಬಾಲಕರನ್ನು ನಾನು ಗದರಲಿಲ್ಲ. ಸಾಗಿಸುವ ಮೊದಲು ಪರೀಕ್ಷಿಸಿ ನೋಡಿರೆಂದು ಹೇಳಬೇಕಾದವನು ನಾನು, ಹೇಳಿರಲಿಲ್ಲ. ಆ ತರುವಾಯ ನಾವು ಕಲಿತು ರೂಢಿಸಿಕೊಂಡ ಒಂದು ಕ್ರಮವನ್ನು ಇಲ್ಲಿ ವಿವರಿಸುವುದು ನನ್ನ ಉದ್ದೇಶ. ಆ ಕ್ರಮಕ್ಕೆ ಕಂಟೇನರುಗಳಲ್ಲಿ ಅಭಿವೃದ್ಧಿ ಪರಿಸರವನ್ನು ಸಿದ್ಧಪಡಿಸುವುದು ಎಂದು ಹೆಸರು.

ಪರಿಸರವೆಂದರೇನು?

ಒಂದು ಜಾಲತಾಣವು ಕೇವಲ ಕೆಲವು ಪುಟಗಳ ಕಟ್ಟಲ್ಲ. ಓದುಗನು ಕೇಳಿದ ಪುಟವನ್ನು ಕೊಡಲು ಒಂದು ವೆಬ್ ಸರ್ವರ್ ಬೇಕು. ಪುಟವನ್ನು ಆ ಕ್ಷಣದಲ್ಲಿ ರಚಿಸಿ ಕೊಡಲು ಪಿಎಚ್‌ಪಿಯಂತಹ ಒಂದು ಭಾಷೆ ಬೇಕು. ಬರಹಗಳನ್ನು ಕ್ರಮವಾಗಿ ಇಟ್ಟುಕೊಳ್ಳಲು ಒಂದು ಡೇಟಾಬೇಸ್ ಬೇಕು. ಇವು ಪ್ರತಿಯೊಂದಕ್ಕೂ ಹಲವು ಆವೃತ್ತಿಗಳುಂಟು, ಪ್ರತಿಯೊಂದು ಆವೃತ್ತಿಗೂ ಹಲವು ಹೊಂದಾಣಿಕೆಗಳುಂಟು. ಇವೆಲ್ಲವೂ ಕೂಡಿದ ಸನ್ನಿವೇಶಕ್ಕೆ ಪರಿಸರವೆನ್ನುವರು. ಮನೆಯ ಯಂತ್ರದ ಪರಿಸರ ಒಂದು, ಶಾಲೆಯ ಯಂತ್ರದ್ದು ಇನ್ನೊಂದು, ಬಾಡಿಗೆಯ ಸರ್ವರಿನದು ಮತ್ತೊಂದು. ‘ನನ್ನ ಯಂತ್ರದಲ್ಲಿ ಸರಿಯಾಗಿತ್ತಲ್ಲ!’ ಎಂಬ ಉದ್ಗಾರವು ಪ್ರಪಂಚದ ಎಲ್ಲ ಕಡೆಯ ತಂತ್ರಾಂಶಕಾರರ ಬಾಯಲ್ಲಿಯೂ ಬರುವುದು ಈ ಭೇದದಿಂದಲೇ.

ಇದಕ್ಕೆ ಪರಿಹಾರವನ್ನು ನಮ್ಮ ಸೀಮೆಯ ಯಕ್ಷಗಾನ ಮೇಳಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಮೇಳವು ತಿರುಗಾಟಕ್ಕೆ ಹೊರಟಾಗ ಕಿರೀಟ, ಗೆಜ್ಜೆ, ಬಣ್ಣ, ಚೆಂಡೆ, ಮದ್ದಳೆ ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತುಂಬಿಸಿ ತಾನೇ ಒಯ್ಯುತ್ತದೆ. ‘ನಿಮ್ಮ ಊರಿನಲ್ಲಿ ಕಿರೀಟ ಸಿಗುವುದೇ?’ ಎಂದು ಯಾರನ್ನೂ ವಿಚಾರಿಸುವುದಿಲ್ಲ. ಊರಿನವರು ಒದಗಿಸಬೇಕಾದುದು ಒಂದು ಬಯಲು. ಆದುದರಿಂದಲೇ ಕುಂಬಳೆಯಲ್ಲಿ ಆಡಿದ ಪ್ರಸಂಗವನ್ನು ಮರುರಾತ್ರಿ ಮಂಜೇಶ್ವರದಲ್ಲಿಯೂ ಅದೇ ರೀತಿಯಲ್ಲಿ ಆಡಲು ಸಾಧ್ಯ. ಜಾಲತಾಣಕ್ಕೆ ಬೇಕಾದ ಸಕಲ ಸಾಮಗ್ರಿಗಳನ್ನೂ ಹೀಗೆ ಪೆಟ್ಟಿಗೆಯಲ್ಲಿ ತುಂಬಿಸಿ, ಎಲ್ಲಿ ಬೇಕಾದರೂ ಬಿಚ್ಚುವಂತೆ ಮಾಡಿದರೆ ಅದೇ ಕಂಟೇನರ್.

ಹೆಸರಿನ ಹಿನ್ನೆಲೆ

ಈ ಹೆಸರು ಹಡಗಿನ ವ್ಯಾಪಾರದಿಂದ ಬಂದುದು. ಹೆದ್ದಾರಿಯಲ್ಲಿ ದೊಡ್ಡ ಉಕ್ಕಿನ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳನ್ನು ನೀವೆಲ್ಲರೂ ಕಂಡಿದ್ದೀರಿ. ಹಿಂದೆ ಹಡಗಿಗೆ ಚೀಲ, ಪೀಪಾಯಿ, ಮೂಟೆಗಳನ್ನು ಒಂದೊಂದಾಗಿ ಏರಿಸಬೇಕಾಗಿತ್ತು. ಅಮೆರಿಕದ ಲಾರಿ ವ್ಯವಹಾರದ ಮಾಲ್ಕಮ್ ಮೆಕ್ಲೀನ್ ಎಂಬವರು ೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ೫೮ ಪೆಟ್ಟಿಗೆಗಳನ್ನಿರಿಸಿ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದರು. ಒಳಗೆ ಏನಿದ್ದರೂ ಹೊರಗಿನ ಆಕಾರ ಒಂದೇ ಆದಾಗ ಹಡಗು, ಲಾರಿ, ರೈಲುಗಳೆಲ್ಲವೂ ಅದನ್ನು ಸುಲಭವಾಗಿ ಹೊರಬಲ್ಲವು ಎಂಬುದೇ ಇಲ್ಲಿನ ತತ್ತ್ವ.

ಗಣಕಯಂತ್ರದಲ್ಲಿ ಈ ವಿಚಾರವು ಮೆಲ್ಲಮೆಲ್ಲನೆ ಬೆಳೆಯಿತು. ೧೯೭೯ರಲ್ಲಿ ಯೂನಿಕ್ಸ್ ಎಂಬ ವ್ಯವಸ್ಥೆಯ ಏಳನೆಯ ಆವೃತ್ತಿಯಲ್ಲಿ, ಒಂದು ತಂತ್ರಾಂಶಕ್ಕೆ ಕಡತಗಳ ಒಂದು ಕೊಂಬೆಯನ್ನೇ ಇಡೀ ಮರವೆಂದು ತೋರಿಸುವ ಉಪಾಯವು ಬಂದಿತು. ೨೦೦೦ದಲ್ಲಿ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯು ‘ಜೈಲ್’ ಎಂಬ ಹೆಸರಿನಲ್ಲಿ ಈ ಪ್ರತ್ಯೇಕತೆಯನ್ನು ಬಲಪಡಿಸಿತು. ಗೂಗಲ್ ಸಂಸ್ಥೆಯ ಇಂಜಿನಿಯರುಗಳು ೨೦೦೬ರಲ್ಲಿ ಆರಂಭಿಸಿದ ಸಿಗ್ರೂಪ್ ಎಂಬ ಏರ್ಪಾಡು ೨೦೦೮ರಲ್ಲಿ ಲಿನಕ್ಸ್ ಕರ್ನೆಲಿನ ಅಂಗವಾಯಿತು. ಇವೆಲ್ಲವನ್ನೂ ಸಾಮಾನ್ಯರ ಕೈಗೆ ಎಟಕುವಂತೆ ಜೋಡಿಸಿದುದು ಡಾಕರ್ ಎಂಬ ತಂತ್ರಾಂಶ. ೨೦೧೩ರ ಮಾರ್ಚಿಯಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಪೈಥಾನ್ ಭಾಷೆಯ ಸಮ್ಮೇಳನದಲ್ಲಿ ಕೇವಲ ಐದು ನಿಮಿಷಗಳ ಭಾಷಣದಲ್ಲಿ ಇದನ್ನು ಪ್ರದರ್ಶಿಸಿದರು. ಬೆನ್ನ ಮೇಲೆ ಪೆಟ್ಟಿಗೆಗಳನ್ನು ಹೊತ್ತ ತಿಮಿಂಗಿಲವೇ ಅದರ ಲಾಂಛನ. ೨೦೧೫ರಲ್ಲಿ ಪೆಟ್ಟಿಗೆಯ ಆಕಾರಕ್ಕೆ ಸರ್ವಸಮ್ಮತವಾದ ಒಂದು ಅಳತೆಯನ್ನು ಗೊತ್ತುಪಡಿಸಲು ಪ್ರತ್ಯೇಕ ಒಕ್ಕೂಟವೊಂದು ಏರ್ಪಟ್ಟಿತು. ಆದುದರಿಂದ ಡಾಕರಿನಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಪೋಡ್‌ಮ್ಯಾನ್ ಮುಂತಾದ ಇತರ ತಂತ್ರಾಂಶಗಳಲ್ಲಿಯೂ ಬಿಚ್ಚಬಹುದು.

ಇದರ ಒಳಗುಟ್ಟು

ಗಣಕಯಂತ್ರದ ಬಿಡಿಭಾಗಗಳ ಮೇಲೆ ಅಧಿಕಾರ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಒಂದು ಯಂತ್ರದೊಳಗೆ ಇನ್ನೊಂದು ಪೂರ್ಣ ಯಂತ್ರವನ್ನೇ ಕಲ್ಪಿಸುವ ಪದ್ಧತಿ ಒಂದಿದೆ. ಅದಕ್ಕೆ ವರ್ಚುವಲ್ ಮೆಷೀನ್ ಎನ್ನುವರು. ಅದು ಪ್ರತಿಯೊಬ್ಬನಿಗೂ ಅಡಿಪಾಯದಿಂದ ತೊಡಗಿ ಬೇರೆ ಮನೆಯನ್ನೇ ಕಟ್ಟಿದಂತೆ. ಪ್ರತಿಯೊಂದಕ್ಕೂ ಸ್ವಂತ ಕರ್ನೆಲ್ ಬೇಕು, ಖರ್ಚು ಹೆಚ್ಚು. ಕಂಟೇನರುಗಳಾದರೋ ಒಂದೇ ಕರ್ನೆಲನ್ನು ಹಂಚಿಕೊಳ್ಳುತ್ತವೆ. ಒಂದೇ ಬಯಲಿನಲ್ಲಿ ಎರಡು ಮೇಳಗಳು ಜೋಡಾಟವಾಡಿದಂತೆ ಎನ್ನಬಹುದು. ಆದರೆ ಇಲ್ಲಿ ಸ್ಪರ್ಧೆಯಿಲ್ಲ, ನಡುವೆ ತೆರೆಯಿದೆ. ನೇಮ್‌ಸ್ಪೇಸ್ ಎಂಬ ಏರ್ಪಾಡಿನಿಂದ ಒಂದು ಕಂಟೇನರಿಗೆ ಇನ್ನೊಂದರ ಕಡತಗಳಾಗಲಿ ಚಟುವಟಿಕೆಗಳಾಗಲಿ ಕಾಣಿಸುವುದಿಲ್ಲ. ಸಿಗ್ರೂಪ್ ಎಂಬ ಏರ್ಪಾಡಿನಿಂದ ಯಾವುದು ಎಷ್ಟು ಸ್ಮರಣೆಯನ್ನು ಬಳಸಬಹುದೆಂಬ ಮಿತಿಯನ್ನು ವಿಧಿಸಬಹುದು.

ಇಲ್ಲಿ ಎರಡು ಶಬ್ದಗಳ ಭೇದವನ್ನು ಸ್ಪಷ್ಟವಾಗಿ ಅರಿಯಬೇಕು. ಇಮೇಜ್ ಎಂಬುದು ಪ್ರಸಂಗದ ಪುಸ್ತಕವಿದ್ದಂತೆ; ಕಂಟೇನರ್ ಎಂಬುದು ಅದರ ಆಧಾರದಿಂದ ಆಡಿದ ಒಂದು ರಾತ್ರಿಯ ಆಟವಿದ್ದಂತೆ. ಒಂದೇ ಪುಸ್ತಕದಿಂದ ಎಷ್ಟು ಆಟಗಳನ್ನಾದರೂ ಆಡಬಹುದು. ಬೆಳಗಾದಾಗ ಆಟವು ಮುಗಿಯುವುದು. ಪುಸ್ತಕವು ಬದಲಾಗದೆ ಉಳಿಯುವುದು. ಹಾಗಾದರೆ ಆ ರಾತ್ರಿ ಸಂಗ್ರಹವಾದ ಹಣದ ಲೆಕ್ಕವೆಲ್ಲಿ? ಅದಕ್ಕೆ ಬೇರೆ ಪುಸ್ತಕ ಇಡಬೇಕಷ್ಟೆ. ಕಂಟೇನರನ್ನು ತೆಗೆದುಹಾಕಿದಾಗ ಅದರೊಳಗೆ ಬರೆದುದೆಲ್ಲವೂ ಹೋಗುವುದು. ಉಳಿಯಬೇಕಾದ ಬರಹವನ್ನು ವಾಲ್ಯೂಮ್ ಎಂಬ ಪ್ರತ್ಯೇಕ ಭಂಡಾರದಲ್ಲಿಯೇ ಇರಿಸಬೇಕು. ಈ ಒಂದು ಮಾತನ್ನು ಮರೆತವರು ತಮ್ಮ ಎಲ್ಲ ಶ್ರಮವನ್ನೂ ಕಳೆದುಕೊಂಡಾರು.

ಸಿದ್ಧಪಡಿಸುವ ಕ್ರಮ

ಈಗ ಪ್ರಯೋಗಕ್ಕೆ ಬರೋಣ. ಕೆಳಗೆ ಹೇಳುವ ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಒತ್ತತಕ್ಕದ್ದು.

ಮೊದಲನೆಯದಾಗಿ, ಡಾಕರ್ ಮತ್ತು ಅದರ ಸಂಗಾತಿಯಾದ ಕಂಪೋಸ್ ಎಂಬುದನ್ನು ಯಂತ್ರದಲ್ಲಿ ಸ್ಥಾಪಿಸಬೇಕು. ಕೇರಳದ ನಮ್ಮ ಶಾಲೆಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಕೈಟ್ ಸಂಸ್ಥೆಯು ಸಿದ್ಧಪಡಿಸಿ ಕೊಟ್ಟಿರುವ, ಉಬುಂಟುವಿನ ಆಧಾರದ ಲಿನಕ್ಸ್ ವ್ಯವಸ್ಥೆಯೇ ಶಾಲಾ ಯಂತ್ರಗಳಲ್ಲಿ ಇರುವುದರಿಂದ, ಕಂಟೇನರುಗಳಿಗೆ ಬೇಕಾದ ಲಿನಕ್ಸ್ ಕರ್ನೆಲ್ ಅಲ್ಲಿ ಸಿದ್ಧವಾಗಿಯೇ ಇದೆ. ವಿಂಡೋಸ್ ಇರುವ ಮನೆಯ ಯಂತ್ರದಲ್ಲಿ ಡಾಕರ್ ಡೆಸ್ಕ್‌ಟಾಪ್ ಎಂಬುದನ್ನು ಹಾಕಬೇಕು. ಅದು ಒಳಗೊಳಗೇ ಒಂದು ಚಿಕ್ಕ ಲಿನಕ್ಸ್ ಯಂತ್ರವನ್ನು ಕಲ್ಪಿಸಿಕೊಂಡು ಕೆಲಸ ಮಾಡುವುದರಿಂದ ಹೆಚ್ಚು ಸ್ಮರಣೆಯನ್ನು ಬೇಡುವುದು. ಶಾಲೆಯ ಯಂತ್ರದಲ್ಲಿ ಇದನ್ನು ಸ್ಥಾಪಿಸುವಾಗ ಹೊಣೆಗಾರರಾದ ಅಧ್ಯಾಪಕರ ಅಪ್ಪಣೆ ಪಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಒಂದು ಫೋಲ್ಡರನ್ನು ಮಾಡಿ, ಅದರೊಳಗೆ ಜಾಲತಾಣದ ಪುಟಗಳಿಗಾಗಿ ಇನ್ನೊಂದು ಫೋಲ್ಡರನ್ನು ಇರಿಸಿರಿ. ಹೊರಗಿನ ಫೋಲ್ಡರಿನಲ್ಲಿ ‘ಡಾಕರ್‌ಫೈಲ್’ ಎಂಬ ಕಡತವನ್ನು ಬರೆಯಬೇಕು. ಇದರ ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡದಾಗಿರಲಿ. ಇದು ಇಮೇಜನ್ನು ಕಟ್ಟುವ ಪಾಕವಿಧಿ. ನಮ್ಮ ಕೆಲಸಕ್ಕೆ ಎರಡೇ ಸಾಲು ಸಾಕು. ಪಿಎಚ್‌ಪಿ ೮.೩ ಮತ್ತು ಅಪಾಚೆ ವೆಬ್ ಸರ್ವರ್ ಕೂಡಿರುವ ಸಿದ್ಧ ಇಮೇಜಿನಿಂದ ಆರಂಭಿಸು ಎಂಬುದು ಮೊದಲ ಸಾಲು. ಆ ಸಿದ್ಧ ಇಮೇಜಿನಲ್ಲಿ ಡೇಟಾಬೇಸಿನೊಡನೆ ಮಾತನಾಡುವ ಅಂಗವು ಇರುವುದಿಲ್ಲವಾದುದರಿಂದ, ಅದನ್ನು ಸೇರಿಸು ಎಂಬುದು ಎರಡನೆಯ ಸಾಲು. ಇಂತಹ ಸಾಲುಗಳ ಫಲವು ಪದರ ಪದರವಾಗಿ ಕೂಡಿ ಇಮೇಜ್ ಆಗುವುದು. ಬದಲಾಗದ ಪದರಗಳನ್ನು ಡಾಕರ್ ಮತ್ತೆ ಕಟ್ಟದೆ ಹಳೆಯದನ್ನೇ ಬಳಸುವುದರಿಂದ ಎರಡನೆಯ ಸಲ ಕೆಲಸವು ಬೇಗ ಮುಗಿಯುವುದು.

ಮೂರನೆಯದಾಗಿ, ‘ಕಂಪೋಸ್ ಡಾಟ್ ಯಾಮಲ್’ ಎಂಬ ಕಡತವನ್ನು ಬರೆಯಬೇಕು. ಆಟಕ್ಕೆ ಮುಮ್ಮೇಳವೂ ಹಿಮ್ಮೇಳವೂ ಬೇಕಷ್ಟೆ. ಓದುಗನ ಎದುರಿಗೆ ನಿಲ್ಲುವ ವೆಬ್ ಸರ್ವರ್ ನಮ್ಮ ಮುಮ್ಮೇಳ. ಹಿಂದೆ ನಿಂತು ಆಧಾರ ಕೊಡುವ ಡೇಟಾಬೇಸ್ ನಮ್ಮ ಹಿಮ್ಮೇಳ. ಎರಡನ್ನೂ ಕೂಡಿಸಿ ನಡೆಸುವ ಭಾಗವತರ ಸ್ಥಾನ ಈ ಕಡತದ್ದು. ಇದರಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಸ್ಥಳಕ್ಕೂ ಅರ್ಥವುಂಟು. ಯಾವುದು ಯಾವುದರ ಒಳಗೆ ಸೇರಿದುದೆಂಬುದನ್ನು ಅದೇ ಸೂಚಿಸುವುದು. ಆ ಸ್ಥಳವನ್ನು ಟ್ಯಾಬ್ ಕೀಲಿಯಿಂದಲ್ಲ, ಸ್ಪೇಸ್ ಕೀಲಿಯಿಂದಲೇ ಬಿಡಬೇಕು.

‘ವೆಬ್’ ಎಂಬ ಸೇವೆಯ ಕೆಳಗೆ ಮೂರು ಸಂಗತಿಗಳನ್ನು ಬರೆಯಬೇಕು. ಇಮೇಜನ್ನು ಈ ಫೋಲ್ಡರಿನ ಡಾಕರ್‌ಫೈಲಿನಿಂದ ಕಟ್ಟು ಎಂಬುದು ಒಂದು. ನಮ್ಮ ಯಂತ್ರದ ೮೦೮೦ನೆಯ ಪೋರ್ಟಿಗೆ ಬಂದವರನ್ನು ಕಂಟೇನರಿನ ೮೦ನೆಯ ಪೋರ್ಟಿಗೆ ಕಳುಹಿಸು ಎಂಬುದು ಎರಡು. ಪುಟಗಳ ಫೋಲ್ಡರನ್ನು ಕಂಟೇನರಿನೊಳಗೆ ಅಪಾಚೆಯು ಪುಟಗಳನ್ನು ಹುಡುಕುವ ಸ್ಥಳಕ್ಕೆ ಜೋಡಿಸು ಎಂಬುದು ಮೂರು. ಹೀಗೆ ಜೋಡಿಸಿದುದರಿಂದ ನೀವು ಪುಟವನ್ನು ತಿದ್ದಿ ಉಳಿಸಿದ ಕೂಡಲೇ ಬ್ರೌಸರಿನಲ್ಲಿ ಅದರ ಫಲವನ್ನು ಕಾಣಬಹುದು.

‘ಡಿಬಿ’ ಎಂಬ ಸೇವೆಯ ಕೆಳಗೆ ಮರಿಯಾಡಿಬಿ ೧೦.೧೧ ಎಂಬ ಇಮೇಜನ್ನು ಹೆಸರಿಸಿ, ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಗುಪ್ತಪದಗಳನ್ನು ಕೊಡಬೇಕು. ಬರಹಗಳು ಕೂಡಿಡಲ್ಪಡುವ ಸ್ಥಳಕ್ಕೆ ಒಂದು ಹೆಸರಿನ ವಾಲ್ಯೂಮನ್ನು ಜೋಡಿಸಬೇಕು. ಅಕ್ಷರಗಳ ಸಂಕೇತವನ್ನೂ ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಇದರ ವಿಚಾರ ಮುಂದೆ ಬರುವುದು.

ಕೊನೆಯದಾಗಿ, ಅದೇ ಫೋಲ್ಡರಿನಲ್ಲಿ ‘ಡಾಕರ್ ಕಂಪೋಸ್ ಅಪ್’ ಎಂಬ ಆಜ್ಞೆಯನ್ನು ಕೊಡಿರಿ. ಮೊದಲ ಸಲ ಇಮೇಜುಗಳು ಇಂಟರ್ನೆಟ್ಟಿನಿಂದ ಇಳಿದು ಬರಬೇಕಾದುದರಿಂದ ತಾಳ್ಮೆ ಬೇಕು. ಬಳಿಕ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದು, ಅದರ ಮುಂದೆ ಎರಡು ಚುಕ್ಕೆ ಇಟ್ಟು ೮೦೮೦ ಎಂದು ಸೇರಿಸಿದರೆ ನಿಮ್ಮ ಜಾಲತಾಣವು ತೆರೆಯುವುದು. ಇದು ಲೋಕಕ್ಕೆ ಪ್ರಕಟವಾದುದಲ್ಲ. ನಿಮ್ಮ ಯಂತ್ರದೊಳಗಿನ ಅಭ್ಯಾಸ ಮಾತ್ರ. ಕೆಲಸ ಮುಗಿದ ಮೇಲೆ ‘ಡಾಕರ್ ಕಂಪೋಸ್ ಡೌನ್’ ಎಂದರೆ ಕಂಟೇನರುಗಳು ಹೋಗುವುವು, ವಾಲ್ಯೂಮ್ ಉಳಿಯುವುದು. ಈಗ ಪುಟಗಳೂ ಈ ಎರಡು ಕಡತಗಳೂ ಇರುವ ಫೋಲ್ಡರನ್ನು ಗೆಳೆಯನಿಗೆ ಕೊಟ್ಟರೆ ಅವನ ಯಂತ್ರದಲ್ಲಿಯೂ ಅದೇ ಪರಿಸರವು ಸಿದ್ಧವಾಗುವುದು. ಬರಹಗಳು ಮಾತ್ರ ವಾಲ್ಯೂಮಿನಲ್ಲಿರುವುದರಿಂದ ಅವುಗಳ ನಕಲನ್ನು ಬೇರೆಯಾಗಿ ತೆಗೆದು ಕೊಡಬೇಕು.

ಕನ್ನಡಾಕ್ಷರಗಳು ಮಾಯವಾದುದೇಕೆ?

ಈಗ ನಮ್ಮ ಪ್ರಶ್ನಾರ್ಥಕ ಚಿಹ್ನೆಗಳ ಕಥೆಗೆ ಬರೋಣ. ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಲ್ಯಾಟಿನ್-೧ ಎಂಬ ಹಳೆಯ ಸಂಕೇತದಲ್ಲಿ ಒಂದಕ್ಷರಕ್ಕೆ ಒಂದು ಬೈಟ್. ಆದುದರಿಂದ ಅದರಲ್ಲಿ ೨೫೬ಕ್ಕಿಂತ ಹೆಚ್ಚು ಸ್ಥಾನಗಳಿಲ್ಲ, ಕನ್ನಡಕ್ಕೆ ಒಂದೂ ಇಲ್ಲ. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕಾಗಿ ೧೨೮ ಸ್ಥಾನಗಳ ಒಂದು ವಿಭಾಗವೇ ಉಂಟು. ಅದನ್ನು ಯುಟಿಎಫ್-೮ ಎಂಬ ರೀತಿಯಲ್ಲಿ ಬರೆದಾಗ ಪ್ರತಿಯೊಂದು ಸ್ಥಾನಕ್ಕೂ ಮೂರು ಬೈಟುಗಳು ಬೇಕಾಗುವುವು. ‘ಕನ್ನಡ’ ಎಂಬ ಶಬ್ದವು ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಕಕಾರ, ನಕಾರ, ವಿರಾಮಚಿಹ್ನೆಯಾದ ಹಲಂತ, ಮತ್ತೊಂದು ನಕಾರ, ಡಕಾರ ಎಂದು ಐದು ಸ್ಥಾನ, ಒಟ್ಟು ೧೫ ಬೈಟ್.

ಹುಡುಗನ ಯಂತ್ರದ ಡೇಟಾಬೇಸು ಹೊಸತಾಗಿದ್ದು ಯೂನಿಕೋಡಿಗೆ ಹೊಂದಿಕೊಂಡಿತ್ತು. ಬಾಡಿಗೆಯ ಸರ್ವರಿನಲ್ಲಿದ್ದುದು ಮೈಎಸ್‌ಕ್ಯುಎಲ್ಲಿನ ಹಳೆಯ ಆವೃತ್ತಿ. ೨೦೧೮ರಲ್ಲಿ ೮.೦ ಆವೃತ್ತಿಯು ಬರುವವರೆಗೆ, ಬೇರೆ ಹೇಳದಿದ್ದರೆ ಲ್ಯಾಟಿನ್-೧ ಎಂದೇ ಅದು ಭಾವಿಸುತ್ತಿತ್ತು. ನಮ್ಮ ಬಾಲಕರು ಬೇರೆ ಹೇಳಿರಲಿಲ್ಲ. ತನ್ನಲ್ಲಿ ಸ್ಥಾನವಿಲ್ಲದ ಪ್ರತಿಯೊಂದು ಅಕ್ಷರಕ್ಕೂ ಅದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಮೂಲವನ್ನು ಬಿಟ್ಟುಬಿಟ್ಟಿತು. ಹೀಗೆ ಹೋದ ಅಕ್ಷರವನ್ನು ಯಾವ ಪಂಡಿತನೂ ಮರಳಿ ತರಲಾರ.

ಆದುದರಿಂದ ಕನ್ನಡದ ಜಾಲತಾಣವನ್ನು ಮಾಡುವವರು ಮೂರು ಕಡೆಗಳಲ್ಲಿ ಸಂಕೇತವನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಪುಟದ ಶಿರೋಭಾಗದಲ್ಲಿ ಯುಟಿಎಫ್-೮ ಎಂದೂ, ಪಿಎಚ್‌ಪಿಯು ಡೇಟಾಬೇಸಿಗೆ ಸಂಪರ್ಕ ಮಾಡುವ ಸಾಲಿನಲ್ಲಿ ಹಾಗೂ ಡೇಟಾಬೇಸಿನ ಕೋಷ್ಟಕಗಳಲ್ಲಿ ಯುಟಿಎಫ್೮ಎಂಬಿ೪ ಎಂದೂ ಇರಬೇಕು. ಇನ್ನೊಂದು ವಿಷಯ: ಕಂಟೇನರಿನಲ್ಲಿ ಅಭ್ಯಾಸ ಮಾಡಿದ ಮಾತ್ರಕ್ಕೆ ಬಾಡಿಗೆಯ ಸರ್ವರು ಬದಲಾಗುವುದಿಲ್ಲ. ಮೊದಲು ಆ ಸರ್ವರಿನವರನ್ನು ಕೇಳಿ ಅಲ್ಲಿಯ ಆವೃತ್ತಿಗಳನ್ನು ತಿಳಿದುಕೊಂಡು, ಅವನ್ನೇ ನಮ್ಮ ಕಡತಗಳಲ್ಲಿ ಬರೆಯಬೇಕು. ಆಗ ಅಲ್ಲಿ ಆಗಬಹುದಾದ ತಪ್ಪು ಇಲ್ಲಿಯೇ, ನಷ್ಟವಿಲ್ಲದೆ ಕಣ್ಣಿಗೆ ಬೀಳುವುದು.

ಕೆಲವು ಎಚ್ಚರಿಕೆಗಳು

ನಮ್ಮ ವಿದ್ಯಾರ್ಥಿಗಳು ಎಡವಿದ ಕೆಲವು ಸ್ಥಳಗಳನ್ನು ಹೇಳಿದರೆ ಮುಂದಿನವರಿಗೆ ದಾರಿ ಸುಗಮವಾದೀತು.

೧. ಯಾರು ‘ನಮ್ಮ ಮನೆ’ ಎಂದರೂ ಅದು ಅವರವರ ಮನೆಯೇ. ವೆಬ್ ಕಂಟೇನರಿನೊಳಗೆ ‘ಲೋಕಲ್‌ಹೋಸ್ಟ್’ ಎಂದರೆ ಆ ಕಂಟೇನರೇ ಹೊರತು ಡೇಟಾಬೇಸಲ್ಲ. ಆದುದರಿಂದ ಪುಟದಲ್ಲಿ ಡೇಟಾಬೇಸಿನ ವಿಳಾಸವನ್ನು ‘ಡಿಬಿ’ ಎಂದೇ ಬರೆಯಬೇಕು.

೨. ಗುಪ್ತಪದವನ್ನು ಡೇಟಾಬೇಸು ಸ್ವೀಕರಿಸುವುದು ವಾಲ್ಯೂಮ್ ಬರಿದಾಗಿರುವ ಮೊದಲ ಸಲ ಮಾತ್ರ. ಆಮೇಲೆ ಕಡತದಲ್ಲಿ ಬದಲಿಸಿದರೆ ಫಲವಿಲ್ಲ. ಒಬ್ಬ ಹುಡುಗನು ಇದನ್ನರಿಯದೆ ಒಂದು ಸಂಜೆಯನ್ನೆಲ್ಲ ಕಳೆದನು.

೩. ಚೆಂಡೆ ಶ್ರುತಿಗೊಳ್ಳುವ ಮೊದಲೇ ವೇಷವು ರಂಗಸ್ಥಳಕ್ಕೆ ಬಂದರೆ ಆಭಾಸ. ಮೊದಲ ಸಲ ಡೇಟಾಬೇಸು ಸಿದ್ಧವಾಗಲು ಸ್ವಲ್ಪ ಹೊತ್ತು ಬೇಕು. ಕೂಡಲೇ ಪುಟ ತೆರೆದು ದೋಷ ಕಂಡರೆ ಗಾಬರಿಗೊಳ್ಳದೆ, ಕ್ಷಣಕಾಲ ಕಾದು ಮತ್ತೆ ನೋಡಿರಿ.

೪. ಇಮೇಜನ್ನು ಹೆಸರಿಸುವಾಗ ‘ಲೇಟೆಸ್ಟ್’ ಎಂದು ಬರೆಯದೆ ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಇಂದಿನ ‘ಹೊಸತು’ ಮುಂದಿನ ವರ್ಷದ ‘ಹೊಸತು’ ಅಲ್ಲ.

೫. ಪೋರ್ಟಿನ ಮೊದಲು ೧೨೭.೦.೦.೧ ಎಂಬ ವಿಳಾಸವನ್ನು ಸೇರಿಸಿರಿ. ಇಲ್ಲವಾದರೆ ಅದೇ ಜಾಲದಲ್ಲಿರುವ ಇತರರೂ ನಿಮ್ಮ ಅಪೂರ್ಣ ಕೆಲಸವನ್ನು ತೆರೆದು ನೋಡಬಹುದು.

೬. ‘ಡೌನ್’ ಎಂಬ ಆಜ್ಞೆಯ ಮುಂದೆ ಒಂದು ಅಡ್ಡಗೆರೆ ಮತ್ತು ‘ವಿ’ ಎಂಬ ಅಕ್ಷರವನ್ನು ಸೇರಿಸಿದರೆ ವಾಲ್ಯೂಮ್ ಕೂಡ ಅಳಿಸಿಹೋಗುವುದು. ಇದನ್ನು ಬಳಸುವ ಮೊದಲು ಎರಡು ಸಲ ಯೋಚಿಸಿರಿ.

೭. ವಾಲ್ಯೂಮ್ ಇದೆಯೆಂದು ನಿಶ್ಚಿಂತರಾಗಬೇಡಿ. ಯಂತ್ರವೇ ಕೆಟ್ಟರೆ ಅದೂ ಹೋಗುವುದು. ಡೇಟಾಬೇಸಿನ ನಕಲನ್ನು ಒಂದು ಕಡತವಾಗಿ ತೆಗೆದು, ಬೇರೆ ಸ್ಥಳದಲ್ಲಿಡಿರಿ. ಆ ನಕಲಿನಿಂದ ಜಾಲತಾಣವನ್ನು ಪುನಃ ಎಬ್ಬಿಸಲು ಆಗುವುದೇ ಎಂದು ಒಮ್ಮೆ ಪರೀಕ್ಷಿಸಿ ನೋಡಿರಿ. ಪರೀಕ್ಷಿಸದ ನಕಲು ನಕಲಲ್ಲ.

ಪೋಷಕರಲ್ಲಿ ಒಂದು ಮಾತು

ಮಕ್ಕಳು ಯಂತ್ರದ ಮುಂದೆ ಕುಳಿತುದೆಲ್ಲ ಆಟವೆಂದು ತಿಳಿಯಬೇಡಿ. ಕುಳಿತುದೆಲ್ಲ ವಿದ್ಯೆಯೆಂದೂ ತಿಳಿಯಬೇಡಿ. ಏನು ಮಾಡುತ್ತಿರುವಿರೆಂದು ಪ್ರೀತಿಯಿಂದ ಕೇಳಿರಿ. ತಾನು ಮಾಡಿದುದನ್ನು ತಾಯಿಗೆ ಕನ್ನಡದಲ್ಲಿ ವಿವರಿಸಿ ಹೇಳಬಲ್ಲ ಮಗುವು ಅದನ್ನು ನಿಜವಾಗಿ ಕಲಿತಿದೆಯೆಂದು ನಂಬಬಹುದು. ಈ ಪ್ರಯೋಗಕ್ಕೆ ತಂತ್ರಾಂಶದ ಖರ್ಚಿಲ್ಲ. ಡಾಕರಿನ ಮೂಲಭಾಗ, ಪಿಎಚ್‌ಪಿ, ಅಪಾಚೆ, ಮರಿಯಾಡಿಬಿ ಇವೆಲ್ಲವೂ ಸ್ವತಂತ್ರವಾಗಿ ದೊರೆಯುವಂತಹವು. ಬೇಕಾದುದು ಸಾಧಾರಣ ಯಂತ್ರ, ಕೆಲವು ನೂರು ಮೆಗಾಬೈಟುಗಳಷ್ಟು ಇಂಟರ್ನೆಟ್, ಮತ್ತು ಸಹನೆ.

ಗಡಿಯ ಈಚೆಗಿರುವ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೆಯ ಕನ್ನಡ ಕಾಗದಪತ್ರಗಳು, ಪ್ರಸಂಗದ ಹಸ್ತಪ್ರತಿಗಳು, ಹಿರಿಯರ ದಿನಚರಿಗಳು ಬಿದ್ದಿವೆ. ಅವುಗಳನ್ನು ಜಾಲತಾಣಕ್ಕೆ ಏರಿಸುವ ಕೈಗಳು ನಮ್ಮ ಮಕ್ಕಳದ್ದೇ ಆಗಬೇಕು. ಏರಿಸಿದ ಅಕ್ಷರವು ಅಕ್ಷರವಾಗಿಯೇ ಉಳಿಯಬೇಕಾದರೆ ಈ ಅಭ್ಯಾಸವು ಆವಶ್ಯಕ.

ಎರಡನೆಯ ಬಾರಿ ಬೆರಳಚ್ಚಾದ ಆ ನೆನಪುಗಳು ಈಗ ಜಾಲತಾಣದಲ್ಲಿ ಕ್ಷೇಮವಾಗಿವೆ. ಅವುಗಳನ್ನು ಮೊದಲು ಮೂರು ಯಂತ್ರಗಳಲ್ಲಿ ಪರೀಕ್ಷಿಸಿದ ಬಳಿಕವೇ ಸಾಗಿಸಿದೆವು. ಆ ಹಿರಿಯರು ಮೊಮ್ಮಗಳ ಮೊಬೈಲಿನಲ್ಲಿ ತಮ್ಮ ಬರಹವನ್ನು ಓದಿ, ಒಂದು ಕಡೆ ಅಕ್ಷರದೋಷವಿದೆಯೆಂದು ಶಾಲೆಗೆ ಫೋನು ಮಾಡಿ ತಿಳಿಸಿದರು. ಬಾಲಕರು ಅದನ್ನು ಮೊದಲು ಕಂಟೇನರಿನಲ್ಲಿ ತಿದ್ದಿ, ನೋಡಿ, ಆಮೇಲೆ ಸರ್ವರಿನಲ್ಲಿ ತಿದ್ದಿದರು. ಈ ಕ್ರಮವು ನಿಮ್ಮೆಲ್ಲರ ಅಭ್ಯಾಸವಾಗಲೆಂದು ಹಾರೈಸುತ್ತೇನೆ.